ಸ್ಟ್ರಾ ತುಂಬಿದ ಮೇಲೆ ಸರ್ಟಿಫಿಕೇಟ್ ಕೇಳಬೇಡಿ

ಸಿದ್ಧೇಶ್ವರ ಜಾತ್ರೆ ಮುಗಿದ ವಾರ ಇಂಡಿ ಕಡೆಯ ರೈತರೊಬ್ಬರು ವಿಜಯಪುರದ ನನ್ನ ಕ್ಲಿನಿಕ್‌ಗೆ ಬಂದರು. ಕೈಯಲ್ಲಿ ದ್ರವ ನೈಟ್ರೋಜನ್ ಕಂಟೇನರ್. ಒಳಗೆ ಅವರ ಖಿಲಾರಿ ತಳಿಯ ಹೋರಿಯ ವೀರ್ಯದ ಐವತ್ತು ಸ್ಟ್ರಾ, ಅಂದರೆ ವೀರ್ಯ ತುಂಬಿ ಫ್ರೀಜ್ ಮಾಡಿದ ಸಣ್ಣ ಕೊಳವೆಗಳು. ಹೊರದೇಶದಲ್ಲಿ ದನ ಸಾಕುವ ಗೆಳೆಯರು ಕೇಳಿದ್ದರಂತೆ. "ಇದನ್ನ ಟೆಸ್ಟ್ ಮಾಡಿ ಸರ್ಟಿಫಿಕೇಟ್ ಬರದ ಕೊಡ್ರಿ ಡಾಕ್ಟರ್, ಮುಂದಿನ ವಾರ ಕಳಸ್ತೀನಿ" ಅಂದರು.

ಇಂಥ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಆಸೆಯಿಂದ ತಂದಿರುತ್ತಾರೆ, ಖರ್ಚೂ ಆಗಿರುತ್ತದೆ.

ಸರ್ಟಿಫಿಕೇಟ್ ಹೇಳುವುದು ಸ್ಟ್ರಾದ ಕಥೆಯಲ್ಲ, ಹೋರಿಯ ಕಥೆ. ವೀರ್ಯ ತೆಗೆಯುವ ಮೊದಲು ಹೋರಿ ಎಲ್ಲಿತ್ತು, ಯಾವ ದನಗಳ ಜೊತೆ ಇತ್ತು, ಕ್ಷಯ, ಕಂದು ರೋಗದ (ಗರ್ಭಪಾತ ತರುವ ಬ್ರುಸೆಲ್ಲೋಸಿಸ್) ಪರೀಕ್ಷೆ ಯಾವಾಗ ಆಯಿತು, ತೆಗೆದ ಮೇಲೆ ಆ ಕೊಟ್ಟಿಗೆಯಲ್ಲಿ ಏನಾಯಿತು, ಇಷ್ಟೂ ಬೇಕು. ಕಾಲುಬಾಯಿ ಬೇನೆಯನ್ನೇ ನೋಡಿ. ಬಾಯಲ್ಲಿ ಹುಣ್ಣು ಕಾಣುವ ಮುಂಚೆಯೇ ವೀರ್ಯದಲ್ಲಿ ವೈರಸ್ ಬಂದಿರಬಹುದು. ಅವತ್ತು ಹೋರಿ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಅದಕ್ಕೇ ಈ ಬೇನೆ ಇರುವ ದೇಶದ ವೀರ್ಯವನ್ನು ಕನಿಷ್ಠ ಒಂದು ತಿಂಗಳು ಇಟ್ಟು, ಆ ಅವಧಿಯಲ್ಲಿ ಹೋರಿ ಇದ್ದ ಜಾಗದ ಯಾವ ದನಕ್ಕೂ ಬೇನೆ ಬರಲಿಲ್ಲ ಅಂತ ಖಾತ್ರಿಯಾದ ಮೇಲೆ ಕಳಿಸಬೇಕು. "ಫ್ರೀಜ್ ಆಗೇದಲ್ರಿ, ರೋಗ ಸತ್ತಿರ್ತದ" ಅನ್ನುತ್ತಾರೆ. ಇಲ್ಲ. ಮೈನಸ್ 196 ಡಿಗ್ರಿಯಲ್ಲಿ ವೀರ್ಯ ಉಳಿಯುವ ಹಾಗೆ ವೈರಸ್ಸೂ ಉಳಿಯುತ್ತದೆ.

ಹಾಗಾಗಿ ಮೊದಲ ಕಾಗದ, ಅಂದರೆ ಷರತ್ತುಗಳ ಪಟ್ಟಿ, ವೀರ್ಯ ಕೊಳ್ಳುವ ದೇಶದಿಂದ ಬರಬೇಕು. ಷರತ್ತು ದೇಶದಿಂದ ದೇಶಕ್ಕೆ ಬೇರೆ. ಕೆಲವು ದೇಶಗಳು ನಮ್ಮಲ್ಲಿ ಕಾಲುಬಾಯಿ ಬೇನೆ ಇದೆ ಅಂತಲೇ ಬೇಡ ಅನ್ನಬಹುದು. ಇಲ್ಲಿ ಕೇಂದ್ರ ಸರ್ಕಾರದ ಅನುಮತಿ ಬೇಕು. ಪಡೆಯುವವರು ವಿದೇಶಿಯರಾದರೆ 2002ರ ಜೀವವೈವಿಧ್ಯ ಕಾಯ್ದೆಯಂತೆ ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆಯೂ ಬೇಕು. ನಿಯಮ ಬದಲಾಗುತ್ತಿರುತ್ತವೆ, ಆಗಿನ ಆದೇಶ ನೋಡಿಯೇ ಹೆಜ್ಜೆ ಇಡಿ.

"ನಮ್ಮ ಕೃಷ್ಣಾ ತೀರದ ದನ ಅಮೆರಿಕಕ್ಕೆ ಹೋಗಿರಲಿಲ್ವಾ?" ಅಂತ ಕೇಳುವವರಿದ್ದಾರೆ. ಹೋಗಿತ್ತು. ಅಲ್ಲಿನ ಬ್ರಾಹ್ಮನ್ ತಳಿಯಲ್ಲಿ ಅದರ ರಕ್ತವೂ ಇದೆ. ನನಗೂ ಹೆಮ್ಮೆಯೇ. ಆದರೆ ಆಗ ಹೋರಿಯನ್ನೇ ಹಡಗು ಹತ್ತಿಸುತ್ತಿದ್ದರು, ವೀರ್ಯಕ್ಕೆ ಇರುವ ಈಗಿನ ನಿಯಮಗಳು ಇರಲಿಲ್ಲ.

ಆ ರೈತರಿಗೆ ಇದನ್ನೆಲ್ಲ ಹೇಳಿದೆ. ಮಾನ್ಯತೆ ಪಡೆದ ವೀರ್ಯ ಕೇಂದ್ರಕ್ಕೆ ಹೋರಿ ಹೋಗಬೇಕು, ಅದಕ್ಕೂ ಮೊದಲು ಕನಿಷ್ಠ 28 ದಿನ ಒಂಟಿಯಾಗಿ ಇರಬೇಕು ಅಂದೆ. ಈ ಸ್ಟ್ರಾ ಕಳಿಸಲು ಆಗದ್ದಕ್ಕೆ ಅವರು ಬೇಸರ ಮಾಡಿಕೊಳ್ಳಲಿಲ್ಲ.

"ನಾ ಮೈ ತಿಕ್ಕದಿದ್ರ ಅದು ಮೇವು ಮುಟ್ಟೂದಿಲ್ರಿ. ಜೊತಿಗೆ ನಾನೂ ಇರಬಹುದಾ?" ಅಂತ ಕೇಳಿದರು.