ಓದುಗರ ಪ್ರಶ್ನೆ: ಬರೀ ಬಹುಪರಾಕಿನ ಚೀನಾ ಟಿವಿಯಲ್ಲಿ ನಗುವುದಕ್ಕೆ ಏನಿದೆ?

ಪ್ರಶ್ನೆ: ಚೀನಾದ ಸರ್ಕಾರಿ ಟಿವಿಯಲ್ಲಿ ಅಧ್ಯಕ್ಷ ಷಿ ಜಿನ್‌ಪಿಂಗ್ ಬಗ್ಗೆ ಬರುವುದೆಲ್ಲ ಹೊಗಳಿಕೆಯೇ. ಹಾಗಿದ್ದೂ ಅಲ್ಲಿಯ ಜನ ಆ ಸುದ್ದಿಯನ್ನೇ ಇಟ್ಟುಕೊಂಡು ಅಣಕ ಮಾಡುತ್ತಾರಂತೆ. ಅದು ಹೇಗೆ?

ಆ ಹೊಗಳಿಕೆಯಿಂದಲೇ. ಅಲ್ಲಿ ನಾಯಕನನ್ನು ಅಣಕಿಸುವವರು ಹೊಸದಾಗಿ ಏನನ್ನೂ ಹೆಣೆಯಬೇಕಾಗಿಲ್ಲ. ಟಿವಿ ಹೇಳಿದ್ದನ್ನೇ ಗಂಭೀರ ಮುಖ ಹೊತ್ತು ಇನ್ನೊಮ್ಮೆ ಹೇಳಿದರೆ ಸಾಕು. ಇದಕ್ಕೆ ‘ಗಾವ್‌ಜಿ ಹೇ’ ಅಂತ ಹೆಸರೇ ಇದೆ, ಮೇಲ್ದರ್ಜೆಯಲ್ಲಿ ಮಸಿ ಬಳಿಯುವುದು ಎಂದರ್ಥ. ನಾವು ಹೊನ್ನಶೂಲ ಅನ್ನುತ್ತೇವಲ್ಲ, ಅದೇ. ಹೊಗಳಿಕೆ ಅಳತೆ ಮೀರಿದಾಗ ಹೊಗಳುತ್ತಿರುವವನು ಭಟ್ಟಂಗಿಯೋ ಕಿಡಿಗೇಡಿಯೋ ಎಂದು ಸೆನ್ಸಾರಿನವನಿಗೂ ಗೊತ್ತಾಗುವುದಿಲ್ಲ.

ಮೊದಲು ಆ ವಾರ್ತೆ ಹೇಗಿರುತ್ತದೆ ನೋಡೋಣ. ಸಿಸಿಟಿವಿಯಲ್ಲಿ (ಬೀದಿ ಕಂಬದ ಕ್ಯಾಮೆರಾ ಅಲ್ಲ, ಚೀನಾ ಸೆಂಟ್ರಲ್ ಟೆಲಿವಿಷನ್) ‘ಶಿನ್‌ವೆನ್ ಲಿಯಾನ್‌ಬೋ’ ಶುರುವಾದದ್ದು 1978ರ ಜನವರಿ 1ರಂದು. ದಿನಾ ಸಂಜೆ 7ಕ್ಕೆ, 30 ನಿಮಿಷ. ಪ್ರಾಂತೀಯ ಚಾನೆಲ್‌ಗಳೂ ಅದೇ ಹೊತ್ತಿಗೆ ಅದನ್ನೇ ತೋರಿಸುತ್ತವೆ. ಯಾವ ಸುದ್ದಿ ಮುಂದೆ, ಯಾವುದು ಹಿಂದೆ ಎಂಬುದನ್ನು ಕುರ್ಚಿಯ ಎತ್ತರ ತೀರ್ಮಾನಿಸುತ್ತದೆ. ಮೊದಲು ಷಿ, ಆಮೇಲೆ ಆಳುವ ಕಮ್ಯುನಿಸ್ಟ್ ಪಕ್ಷದ ತುತ್ತತುದಿಯ ಕೂಟವಾದ ಪೊಲಿಟ್‌ಬ್ಯೂರೋ ಸ್ಥಾಯಿ ಸಮಿತಿಯ ಉಳಿದ ಆರು ಮಂದಿ, ಅದೂ ಅವರವರ ಸ್ಥಾನದ ಪ್ರಕಾರ. ಷಿ ಬರುವ ಮೊದಲಿನಿಂದಲೂ ಈ ವಾರ್ತೆಯ ಬಗ್ಗೆ ಜನರ ಬಾಯಲ್ಲಿ ಒಂದು ಮಾತಿದೆ: ಮೊದಲ ಹತ್ತು ನಿಮಿಷ ನಾಯಕರಿಗೆ ಬಿಡುವಿಲ್ಲ, ನಡುವಿನ ಹತ್ತು ನಿಮಿಷ ಜನ ಸುಖವಾಗಿದ್ದಾರೆ, ಕೊನೆಯ ಹತ್ತು ನಿಮಿಷ ಹೊರದೇಶಗಳೆಲ್ಲ ಹೊತ್ತಿ ಉರಿಯುತ್ತಿವೆ.

ಭಾಷೆ ಬಾರದವರಿಗೂ ದೃಶ್ಯ ಅರ್ಥವಾಗುತ್ತದೆ. ಷಿ ಕಾರ್ಖಾನೆಯಲ್ಲೋ ಹೊಲದಲ್ಲೋ ನಿಂತಿರುತ್ತಾರೆ. ಅವರ ಬಾಯಿ ಆಡುತ್ತದೆ, ಕೈ ಆಡುತ್ತದೆ, ಆದರೆ ಎಷ್ಟೋ ಸಲ ಕೇಳಿಸುವುದು ವಾರ್ತಾವಾಚಕರ ದನಿ ಮಾತ್ರ. ‘ಒತ್ತಿ ಹೇಳಿದರು’, ‘ಬೊಟ್ಟು ಮಾಡಿದರು’, ‘ಮಹತ್ವದ ಭಾಷಣ ಮಾಡಿದರು’ ಎಂಬ ಕ್ರಿಯಾಪದಗಳು ಸರದಿಯಲ್ಲಿ ಬರುತ್ತವೆ. ಸುತ್ತ ನಿಂತ ಅಧಿಕಾರಿಗಳು ಪುಸ್ತಕ ಹಿಡಿದು ಬರೆದುಕೊಳ್ಳುತ್ತಿರುತ್ತಾರೆ. ಪ್ರಶ್ನೆ ಕೇಳುವವರು ಯಾರೂ ಇಲ್ಲ. 2016ರ ಫೆಬ್ರುವರಿ 19ರಂದು ಷಿ ಸ್ವತಃ ಸಿಸಿಟಿವಿಗೆ ಹೋಗಿ ಈ ವಾರ್ತೆಯ ವಾಚಕರ ಕುರ್ಚಿಯಲ್ಲೇ ಕೂತು ನೋಡಿದರು. ಆ ದಿನ ಅಲ್ಲಿನ ಪರದೆಯ ಮೇಲೆ ಮೂಡಿದ್ದ ಸಾಲು: ಸಿಸಿಟಿವಿಯ ಮನೆತನದ ಹೆಸರು ಪಕ್ಷ, ನಿಷ್ಠೆ ಪರಿಪೂರ್ಣ, ದಯಮಾಡಿ ಪರಿಶೀಲಿಸಿ. ಇದನ್ನು ವಿಡಂಬನಕಾರ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಹದಿಹರೆಯದಲ್ಲಿ ಷಿ ಶಾನ್‌ಷಿ ಪ್ರಾಂತದ ಲಿಯಾಂಗ್‌ಜಿಯಾಹೆ ಎಂಬ ಹಳ್ಳಿಗೆ ದುಡಿಯಲು ಹೋಗಿದ್ದರು. ಆ ದಿನಗಳನ್ನು ನೆನೆಯುತ್ತ ಹಳೆಯ ಟಿವಿ ಸಂದರ್ಶನವೊಂದರಲ್ಲಿ, 200 ಜಿನ್ ಗೋಧಿ ಹೊತ್ತು ಹತ್ತು ಲೀ ಬೆಟ್ಟದ ದಾರಿಯನ್ನು ಹೆಗಲು ಬದಲಿಸದೆ ನಡೆಯುತ್ತಿದ್ದೆ ಎಂದರು. ಒಂದು ಜಿನ್ ಅರ್ಧ ಕಿಲೋ, ಒಂದು ಲೀ ಅರ್ಧ ಕಿಲೋಮೀಟರ್. ಅಂದರೆ ಕ್ವಿಂಟಲ್ ಮೂಟೆ, ಐದು ಕಿಲೋಮೀಟರ್, ಒಂದೇ ಹೆಗಲು! ಯಾವ ಎಪಿಎಂಸಿಯ ಹಮಾಲಿಯನ್ನಾದರೂ ಕೇಳಿ, ನಕ್ಕುಬಿಡುತ್ತಾನೆ. ಚೀನೀಯರೂ ನಕ್ಕರು. ‘ಇನ್ನೂರು ಜಿನ್’ ಎಂಬುದೇ ಅಡ್ಡಹೆಸರಾಯಿತು. 2018ರ ಮಾರ್ಚ್‌ನಲ್ಲಿ ಅಧ್ಯಕ್ಷರಿಗೆ ಎರಡೇ ಅವಧಿ ಎಂಬ ಮಿತಿಯನ್ನು ಸಂವಿಧಾನದಿಂದ ತೆಗೆದರು. ಪರವಾಗಿ 2,958 ಮತ, ವಿರುದ್ಧ 2. ಆಮೇಲೆ ‘ಹೆಗಲು ಬದಲಿಸದವರು’ ಎಂಬ ಮಾತಿಗೆ ಬೇರೆಯೇ ಅರ್ಥ ಹತ್ತಿತು. ಈಗ ಪಾಡು ಪಡುವವನು ಸೆನ್ಸಾರಿನವನು. ನಾಯಕರದೇ ಬಾಯಿಂದ ಬಂದ, ಟಿವಿಯೇ ಬಿತ್ತರಿಸಿದ ಮಾತನ್ನು ಅಳಿಸುವ ಕೆಲಸ ಅವನ ತಲೆಗೆ ಬಿದ್ದಿದೆ.

2016ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಜಿ20 ಸಭೆಯಲ್ಲೂ ಹೀಗೇ ಆಯಿತು. ಹಳೆಯ ಗ್ರಂಥದ ಸಾಲೊಂದನ್ನು ಓದುವಾಗ ‘ಕ್ವಾನ್ ನೋಂಗ್’, ಅಂದರೆ ರೈತರ ಹೊರೆ ಇಳಿಸು, ಎಂಬುದು ಷಿ ಬಾಯಲ್ಲಿ ‘ಕ್ವಾನ್ ಯಿ’ ಆಯಿತು. ಅದರರ್ಥ ಬಟ್ಟೆ ಬಿಚ್ಚು. ಚೀನೀ ಬರಹದಲ್ಲಿ ‘ನೋಂಗ್’, ‘ಯಿ’ ಎರಡರ ಕೆಳಭಾಗವೂ ಒಂದೇ ಥರ, ಕಣ್ಣು ಜಾರುವುದು ಸಹಜ. ಆದರೆ ತಪ್ಪಾಯಿತು ಎಂದು ಹೇಳುವವರು ಯಾರು? ‘ಬಟ್ಟೆ ಬಿಚ್ಚು’ ಎಂಬ ಮಾತನ್ನೇ ಜಾಲತಾಣಗಳಲ್ಲಿ ತಡೆಹಿಡಿದರು. 2013ರ ಡಿಸೆಂಬರ್‌ನಲ್ಲಿ ಬೀಜಿಂಗ್‌ನ ಹೋಟೆಲೊಂದರಲ್ಲಿ ಸಾಲಿನಲ್ಲಿ ನಿಂತು 21 ಯುವಾನ್ ಕೊಟ್ಟು ಬಾವ್‌ಜಿ (ಹಬೆಯಲ್ಲಿ ಬೇಯಿಸಿದ, ಒಳಗೆ ಹಂದಿಮಾಂಸದ ಹೂರಣವಿರುವ ಉಂಡೆ) ತಿಂದದ್ದನ್ನು ಸರ್ಕಾರಿ ಮಾಧ್ಯಮ ಸರಳತೆಯ ಕಥೆಯಾಗಿ ಸಾರಿತು. ಬಾವ್‌ಜಿ ಎಂಬ ಅಡ್ಡಹೆಸರು ಅಂಟಿಕೊಂಡಿತು. ಅದನ್ನೂ ಅಳಿಸಬೇಕಾಯಿತು.

ಟಿವಿ ಇಷ್ಟು ಬಿಗಿಯಾಗಿರುವುದಕ್ಕೆ ಭಕ್ತಿಗಿಂತ ಭಯವೇ ಹೆಚ್ಚು ಕಾರಣ. 2015ರ ಡಿಸೆಂಬರ್‌ನಲ್ಲಿ ಸರ್ಕಾರಿ ಸುದ್ದಿಸಂಸ್ಥೆಯೊಂದು ‘ಝಿತ್ಸಿ’ (ಭಾಷಣ) ಎಂದು ಬರೆಯಬೇಕಾದಲ್ಲಿ ‘ತ್ಸಿಝಿ’ (ರಾಜೀನಾಮೆ) ಎಂದು ಬರೆಯಿತು. ಎರಡು ಉಚ್ಚಾರಾಂಶ ಹಿಂದುಮುಂದಾದರೆ ಸಾಕು, ಷಿ ರಾಜೀನಾಮೆ ಕೊಟ್ಟಂತೆ. ಮೂರೇ ತಿಂಗಳಲ್ಲಿ ಇನ್ನೊಂದು ಸರ್ಕಾರಿ ಸುದ್ದಿಸಂಸ್ಥೆ ಷಿನ್‌ಹುವಾ ‘ಪರಮೋಚ್ಚ ನಾಯಕ’ರನ್ನು ‘ಕೊನೆಯ ನಾಯಕ’ ಮಾಡಿತು. ನಮ್ಮ ದೂರದರ್ಶನವೂ ಈ ಪಂಕ್ತಿಯಲ್ಲಿ ಕೂತಿದೆ. 2014ರ ಸೆಪ್ಟೆಂಬರ್‌ನಲ್ಲಿ ಷಿ ಭಾರತಕ್ಕೆ ಬಂದಾಗ ವಾರ್ತಾವಾಚಕರೊಬ್ಬರು ಇಂಗ್ಲಿಷ್‌ನಲ್ಲಿ ‘Xi’ ಎಂದು ಬರೆದ ‘ಷಿ’ಯನ್ನು ರೋಮನ್ ಅಂಕಿ ಹನ್ನೊಂದು (XI) ಎಂದುಕೊಂಡು ‘ಇಲೆವೆನ್ ಜಿನ್‌ಪಿಂಗ್’ ಎಂದು ಓದಿ ಕೆಲಸ ಕಳೆದುಕೊಂಡರು.

ನೇರವಾಗಿ ಮಾತಾಡಿದರೆ ಏನಾಗುತ್ತದೆ ಎಂಬುದಕ್ಕೆ ರೆನ್ ಝಿಚಿಯಾಂಗ್ ಸಾಕ್ಷಿ. ಈ ರಿಯಲ್ ಎಸ್ಟೇಟ್ ಉದ್ಯಮಿಗೆ ಟ್ವಿಟರ್‌ನಂಥ ಚೀನೀ ಜಾಲತಾಣ ವೈಬೋದಲ್ಲಿ 3.7 ಕೋಟಿ ಹಿಂಬಾಲಕರಿದ್ದರು. 2016ರಲ್ಲಿ ಷಿ ಸಿಸಿಟಿವಿಗೆ ಹೋಗಿಬಂದ ಬೆನ್ನಲ್ಲೇ, ಜನರ ಸರ್ಕಾರ ಪಕ್ಷದ ಸರ್ಕಾರವಾದದ್ದು ಯಾವಾಗ ಎಂಬರ್ಥದಲ್ಲಿ ಪ್ರಶ್ನಿಸಿದರು. ಖಾತೆ ಮುಚ್ಚಿಹೋಯಿತು. 2020ರಲ್ಲಿ, ಬಟ್ಟೆ ಕಳಚಿದರೂ ಚಕ್ರವರ್ತಿಯಾಗಿಯೇ ಇರುತ್ತೇನೆನ್ನುವ ವಿದೂಷಕನ ಬಗ್ಗೆ ಬರೆದರು, ಷಿ ಹೆಸರೆತ್ತದೆ. ಅದೇ ಸೆಪ್ಟೆಂಬರ್‌ನಲ್ಲಿ 18 ವರ್ಷ ಜೈಲಾಯಿತು. ಕಾಗದದ ಮೇಲಿನ ಕಾರಣ ಭ್ರಷ್ಟಾಚಾರ.

ಪ್ರತಿಧ್ವನಿಗೆ ಇಷ್ಟು ಸುಲಭವಾಗಿ ಕೈಕೋಳ ಬೀಳುವುದಿಲ್ಲ. 2022ರ ನವೆಂಬರ್ ಕೊನೆಯಲ್ಲಿ ಬೀಜಿಂಗ್‌ನ ಲಿಯಾಂಗ್‌ಮಾ ನದಿಯ ಬಳಿ ಕೋವಿಡ್ ಲಾಕ್‌ಡೌನ್ ವಿರೋಧಿಸಿ, ಏನೂ ಬರೆಯದ ಬಿಳಿ ಹಾಳೆ ಹಿಡಿದು ಜನ ಸೇರಿದ್ದರು. ಲಾಕ್‌ಡೌನ್ ಬೇಡ ಎಂದು ಕೂಗಬೇಡಿ ಎಂಬ ತಾಕೀತು ಬಂತು. ಗುಂಪು ಕೂಡಲೇ ದನಿ ಬದಲಿಸಿತು: ‘ಲಾಕ್‌ಡೌನ್ ಮುಂದುವರಿಯಲಿ! ನನಗೆ ಕೋವಿಡ್ ಟೆಸ್ಟ್ ಮಾಡಿಸಬೇಕು!’