ಗರಿಷ್ಠ ಎಲಾಂಗೇಶನ್: ಬುಧ ಕಾಣಿಸುವ ದಿನಗಳು

ಬುಧ ಬರಿಗಣ್ಣಿಗೆ ಕಾಣುತ್ತದೆ. ಮಂಕು ಗ್ರಹವೇನೂ ಅಲ್ಲ, ಒಳ್ಳೇ ನಕ್ಷತ್ರದಷ್ಟೇ ಹೊಳೆಯುತ್ತದೆ. ಆದರೆ ಸೂರ್ಯನ ಪಕ್ಕ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ, ಪೂರ್ತಿ ಕತ್ತಲಾಗುವ ಹೊತ್ತಿಗೆ ತಾನೂ ಮುಳುಗಿರುತ್ತದೆ. ಆಕಾಶದಲ್ಲಿ ಸೂರ್ಯನಿಗೂ ಗ್ರಹಕ್ಕೂ ನಡುವೆ ನಮಗೆ ಕಾಣುವ ಕೋನವೇ ಎಲಾಂಗೇಶನ್. ಅದು ಅತಿ ಜಾಸ್ತಿ ಆಗುವ ದಿನ ಗರಿಷ್ಠ ಎಲಾಂಗೇಶನ್. ಪಂಚಾಂಗದಲ್ಲಿ ಬುಧಾಸ್ತ, ಬುಧೋದಯ ಅಂತ ಇರುತ್ತದಲ್ಲ, ಅದೂ ಇದೇ ಲೆಕ್ಕದ್ದು: ಕೋನ ತೀರಾ ಕಡಿಮೆಯಾಗಿ ಗ್ರಹ ಸೂರ್ಯನ ಬೆಳಕಲ್ಲಿ ಮುಚ್ಚಿಹೋದರೆ ಅಸ್ತ.

ವರ್ಷಕ್ಕೆ ಆರೇಳು ಸಲ ಈ ದಿನ ಬರುತ್ತದೆ, ಒಮ್ಮೆ ಸಂಜೆ ಕಾಣುವಂತೆ, ಇನ್ನೊಮ್ಮೆ ಬೆಳಗ್ಗೆ ಕಾಣುವಂತೆ. ಬುಧ ಒಮ್ಮೆ ಸೂರ್ಯನಿಂದ 4.6 ಕೋಟಿ ಕಿ.ಮೀ., ಇನ್ನೊಮ್ಮೆ 7 ಕೋಟಿ ಕಿ.ಮೀ. ದೂರ ಇರುವುದರಿಂದ ಗರಿಷ್ಠ ಕೋನವೂ 18ರಿಂದ 28 ಡಿಗ್ರಿವರೆಗೆ ಬದಲಾಗುತ್ತದೆ. ಕೈ ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ.

ಈಗ ಮುಖ್ಯ ವಿಷಯ. ಕೋನ ದೊಡ್ಡದಿದ್ದರೆ ಸಾಲದು, ಗ್ರಹ ಸೂರ್ಯನ ಮೇಲಕ್ಕೆ ಇರಬೇಕು, ಪಕ್ಕಕ್ಕೆ ವಾಲಿರಬಾರದು. 2025ರ ಏಪ್ರಿಲ್ 21ರ ಬೆಳಗ್ಗೆ ಕೋನ 27 ಡಿಗ್ರಿ ಇತ್ತು, ಆದರೂ ಲಂಡನ್ ಕಡೆಯವರಿಗೆ ಬುಧ ನೆಲಕ್ಕೆ ಅಂಟಿಕೊಂಡಂತೆ ಇತ್ತು, ಏಕೆಂದರೆ ಅಲ್ಲಿ ಏಪ್ರಿಲ್ ಬೆಳಗ್ಗೆ ಆಕಾಶದಲ್ಲಿ ಗ್ರಹಗಳು ಸಾಗುವ ದಾರಿ ದಿಗಂತದ ಕಡೆಗೆ ತುಂಬಾ ಓರೆ. ಹಾಸನ, ಚಿಕ್ಕಮಗಳೂರು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿವೆ. ಇಲ್ಲಿ ಆ ದಾರಿ ವರ್ಷವಿಡೀ ಸಾಕಷ್ಟು ನೆಟ್ಟಗೇ ಇರುತ್ತದೆ. ಹಾಗಾಗಿ ಯುರೋಪಿನವರು 'ಈ ಸಲ ಬೇಡ' ಅಂತ ಬರೆದಿದ್ದನ್ನು ಓದಿ ಸುಮ್ನೆ ಮಲಗಬೇಡಿ!

ನಮ್ಮ ತೊಂದರೆ ಬೇರೆ. ಸಂಜೆಯ ದೊಡ್ಡ ಕೋನಗಳು ಬರುವುದು ಜುಲೈ-ಆಗಸ್ಟ್ ಸುಮಾರಿಗೆ, ಆಗ ಸಕಲೇಶಪುರದಲ್ಲಿ ಸೂರ್ಯನೇ ಕಾಣುವುದು ಕಷ್ಟ, ಬುಧ ಎಲ್ಲಿಂದ ಬಂದಾನು? ಫೆಬ್ರವರಿ-ಮಾರ್ಚ್ ಸಂಜೆ ಕೋನ ಚಿಕ್ಕದು, ಆದರೆ ಆಕಾಶ ತಿಳಿ. ನನ್ನ ಕೇಳಿದರೆ ಅದೇ ಮೇಲು. ಕಾಫಿ ತೋಟದೊಳಗೆ ನಿಂತರೆ ಸಿಲ್ವರ್ ಮರಗಳೇ ಅಡ್ಡ. ಕಡೂರು, ಅರಸೀಕೆರೆ ಕಡೆಯ ಬಯಲು ಒಳ್ಳೆಯದು, ದಿಗಂತ ತೆರೆದಿರಬೇಕು ಅಷ್ಟೇ. ಸೂರ್ಯ ಮುಳುಗಿ ಅರ್ಧ ಗಂಟೆಯಾದ ಮೇಲೆ, ಅವನು ಮುಳುಗಿದ ಜಾಗದಿಂದ ಒಂದು ಮುಷ್ಟಿ ಮೇಲಕ್ಕೆ ಹುಡುಕಿ.

ಇನ್ನೊಂದು, ಗರಿಷ್ಠ ದಿನಕ್ಕೇ ಕಾಯಬೇಕಿಲ್ಲ. ಸಂಜೆಯಾದರೆ ಅದಕ್ಕಿಂತ ನಾಲ್ಕೈದು ದಿನ ಮೊದಲೇ ಬುಧ ಹೆಚ್ಚು ಹೊಳೆಯುತ್ತದೆ, ಆಮೇಲೆ ಚಂದ್ರನ ಹಾಗೆ ಬೆಳಗಿದ ಭಾಗ ಸವೆದು ಮಂಕಾಗುತ್ತಾ ಹೋಗುತ್ತದೆ. ಬೆಳಗ್ಗೆ ಇದು ಉಲ್ಟಾ, ಗರಿಷ್ಠ ದಿನ ಕಳೆದ ಮೇಲೇ ಹೊಳಪು ಜಾಸ್ತಿ.