ಪಡುಬಿದ್ರಿಯಲ್ಲಿ ಚಹಾ ಕುಡಿದರೆ ಸರಿಯಾಗುವ ಏಸಿ

ನನ್ನ ಹತ್ತಿರ 1993ರ ಕಾರೊಂದಿದೆ. ಕಳೆದ ಬೇಸಿಗೆಯಲ್ಲಿ ಅದರ ಏಸಿಗೆ ಒಂದು ವಿಚಿತ್ರ ಚಾಳಿ ಶುರುವಾಯಿತು. ಮಂಗಳೂರಿಂದ ಉಡುಪಿಗೆ ಹೊರಟರೆ ಸುರತ್ಕಲ್ ದಾಟುವವರೆಗೆ ಒಳ್ಳೆಯ ತಂಪು. ಮೂಲ್ಕಿ ಬರುವಾಗ ಬಿಸಿ ಗಾಳಿ. ಬೇಜಾರಾಗಿ ಪಡುಬಿದ್ರಿಯಲ್ಲಿ ನಿಲ್ಲಿಸಿ, ಚಹಾ ಕುಡಿದು ಹೊರಟರೆ ಪುನಃ ತಂಪು, ಅದೂ ಕಟಪಾಡಿವರೆಗೆ ಮಾತ್ರ.

ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ "ಗ್ಯಾಸ್ ಕಮ್ಮಿ ಉಂಟು ಮಾರಾಯ್ರೆ" ಅಂದರು. ತುಂಬಿಸಿದೆ. ವಾರದಲ್ಲಿ ಮತ್ತೆ ಅದೇ ಕತೆ. ಎರಡನೇ ಸಲವೂ ತುಂಬಿಸಿದ್ದು ಮಾತ್ರ ನನ್ನದೇ ಪೆದ್ದುತನ. ಸೋರಿಹೋದ ಗ್ಯಾಸ್ ನಾವು ಚಹಾ ಕುಡಿಯುವಷ್ಟರಲ್ಲಿ ವಾಪಸ್ ಬರುವುದಿಲ್ಲ, ಅಲ್ವಾ?

ಏಸಿಯೊಳಗೆ ಕಂಪ್ರೆಸರ್ ಗ್ಯಾಸನ್ನು ಒತ್ತುತ್ತದೆ, ರೇಡಿಯೇಟರ್ ಮುಂದಿನ ಕಂಡೆನ್ಸರ್‌ನಲ್ಲಿ ಅದು ಶಾಖ ಬಿಟ್ಟು ದ್ರವವಾಗುತ್ತದೆ. ಆ ದ್ರವ ಎಕ್ಸ್‌ಪಾನ್ಶನ್ ವಾಲ್ವ್‌ನ ತೀರಾ ಸಣ್ಣ ಕಿಂಡಿಯಿಂದ ನುಗ್ಗುವಾಗ ಒತ್ತಡ ತಟ್ಟನೆ ಇಳಿದು ಕುದಿಯಲು ಶುರುಮಾಡುತ್ತದೆ. ಕುದಿಯಲು ಬೇಕಾದ ಶಾಖವನ್ನು ಕೂಲಿಂಗ್ ಕಾಯಿಲ್ ಮೂಲಕ ನಮ್ಮ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಆ ಕಿಂಡಿಯ ಹತ್ತಿರ ಉಷ್ಣಾಂಶ ಸೊನ್ನೆ ಡಿಗ್ರಿಯ ಆಸುಪಾಸು, ಕೆಲವೊಮ್ಮೆ ಕೆಳಗೂ ಹೋಗುತ್ತದೆ. ಪೈಪಿನೊಳಗೆ ಒಂದೆರಡು ಹನಿ ನೀರು ಸೇರಿದ್ದರೆ ಸಾಕು, ಅಲ್ಲೇ ಮಂಜುಗಡ್ಡೆಯಾಗಿ ಕಿಂಡಿ ಮುಚ್ಚುತ್ತದೆ. ತಂಪು ಬಂದ್. ಕಾರು ನಿಲ್ಲಿಸಿದರೆ ಮಂಜು ಕರಗಿ ದಾರಿ ಬಿಡುತ್ತದೆ.

ಹಾಗಂತ ಬಿಟ್ಟು ಬಿಟ್ಟು ಕೆಡುವ ಏಸಿಗೆಲ್ಲ ಇದೇ ಕಾರಣ ಅಂತಲ್ಲ. ತಂಪು ಹೋದಾಗ ಗಾಳಿ ಬರುವಲ್ಲಿ ಕೈ ಇಟ್ಟು ನೋಡಿ. ಗಾಳಿಯ ರಭಸವೇ ಸತ್ತಿದ್ದರೆ ಕೂಲಿಂಗ್ ಕಾಯಿಲ್‌ನ ಹೊರಮೈಗೆ ಮಂಜು ಕಟ್ಟಿದೆ, ಥರ್ಮೋಸ್ಟಾಟ್ ನೋಡಬೇಕು. ರಭಸ ಹಾಗೇ ಇದ್ದರೆ ಬಾನೆಟ್ ಎತ್ತಿ ಕಂಪ್ರೆಸರ್‌ನ ಮುಂದಿನ ತಟ್ಟೆ ತಿರುಗುತ್ತಿದೆಯಾ ನೋಡಿ (ದೂರದಿಂದ, ಬೆಲ್ಟಿನ ಹತ್ತಿರ ಕೈ ಬೇಡ). ನಿಂತಿದ್ದರೆ ಕಂಪ್ರೆಸರನ್ನು ಬೆಲ್ಟಿನ ಓಟಕ್ಕೆ ಜೋಡಿಸುವ ಕ್ಲಚ್‌ನ ಕಾಯಿಲ್ ಬಿಸಿಯಾದಾಗ ಕೈಕೊಡುವುದು ಕೂಡ ಕಾರಣ ಇರಬಹುದು. ನನ್ನದರಲ್ಲಿ ರಭಸವೂ ಇತ್ತು, ತಟ್ಟೆಯೂ ತಿರುಗುತ್ತಿತ್ತು. ಬೇರೆ ಗ್ಯಾರೇಜಿನಲ್ಲಿ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಾಕಿ ಇಪ್ಪತ್ತು ನಿಮಿಷ ಎಂಜಿನ್ ಓಡಿಸಿ ಕಾದೆವು. ಲೋ ಸೈಡಿನ, ಅಂದರೆ ಕಿಂಡಿ ದಾಟಿ ಕಂಪ್ರೆಸರ್‌ಗೆ ವಾಪಸ್ ಬರುವ ಕಡೆಯ ಮುಳ್ಳು ಮೆಲ್ಲನೆ ಇಳಿದು ಇಳಿದು ಸೊನ್ನೆಯನ್ನೂ ದಾಟಿ ಕೆಳಗೆ ಹೋಯಿತು. ಕಂಪ್ರೆಸರ್ ಎಳೆಯುತ್ತಿದೆ, ಆಚೆಯಿಂದ ಏನೂ ಬರುತ್ತಿಲ್ಲ.

ನೀರು ಎಲ್ಲಿಂದ ಬಂತು? ಹಳೇ ಕಾರುಗಳಲ್ಲಿ ಇದ್ದದ್ದು ಆರ್-12 ಗ್ಯಾಸ್. ಓಝೋನ್ ಪದರಕ್ಕೆ ಹಾನಿ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ಮೇಲೆ ಅದು ಮೂಲೆ ಸೇರಿತು. ಬದಲಿಗೆ ಬಂದ ಆರ್-134ಎ ಹಳೇ ಮಿನರಲ್ ಎಣ್ಣೆಯ ಜೊತೆ ಬೆರೆಯುವುದಿಲ್ಲ, ಹಾಗಾಗಿ ಎಣ್ಣೆಯನ್ನೂ ಬದಲಿಸಬೇಕು. ಹೆಚ್ಚಾಗಿ ಹಾಕುವ ಪ್ಯಾಗ್ ಎಣ್ಣೆಗೆ ಒಂದು ದುರಭ್ಯಾಸ: ಗಾಳಿಯ ತೇವ ಹೀರುವುದು. ನಮ್ಮ ಕರಾವಳಿಯಲ್ಲಿ ಡಬ್ಬದ ಮುಚ್ಚಳ ಸಡಿಲವಿದ್ದರೆ ಹಪ್ಪಳದ ಗತಿ ಏನಾಗುತ್ತದೆ ಅಂತ ಗೊತ್ತಲ್ಲ, ಬಾಯಿ ತೆರೆದಿಟ್ಟ ಎಣ್ಣೆ ಡಬ್ಬಕ್ಕೂ ಅದೇ. ತೇವ ಹಿಡಿದಿಡಲೆಂದೇ ಪೈಪಿನ ನಡುವೆ ಡ್ರೈಯರ್ ಇರುತ್ತದೆ. ನನ್ನ ಕಾರಿನದ್ದನ್ನು ಯಾರೂ ಬದಲಿಸಿರಲೇ ಇಲ್ಲ, ಅದಕ್ಕೆ ಹೊಟ್ಟೆ ತುಂಬಿತ್ತು.

ಎರಡು ಸಲ ಗ್ಯಾಸ್ ತುಂಬಿಸುವಾಗಲೂ ವ್ಯಾಕ್ಯೂಮ್ ಎಳೆದಿರಲಿಲ್ಲ. ಪಂಪ್ ಹಾಕಿ ಒಳಗಿನ ಒತ್ತಡವನ್ನು ಚೆನ್ನಾಗಿ ಇಳಿಸಿದರೆ ನೀರು 30 ಡಿಗ್ರಿಯಲ್ಲೇ ಕುದಿದು ಆವಿಯಾಗಿ ಹೊರಬರುತ್ತದೆ. ಅದಕ್ಕೆ ಗೇಜ್ ಸೊನ್ನೆಯಿಂದ ಕೆಳಗೆ ಸುಮಾರು 29 ಇಂಚು (ಪಾದರಸದ ಲೆಕ್ಕ) ತೋರಿಸಬೇಕು. ಐದು ನಿಮಿಷ ಸುಮ್ನೆ ಪಂಪ್ ಓಡಿಸಿದರೆ ಸಾಲದು. ನಾವು ಹೊಸ ಡ್ರೈಯರ್ ಹಾಕಿ ಒಂದು ಗಂಟೆ ಎಳೆದೆವು, ಮುಳ್ಳು ವಾಪಸ್ ಏರುತ್ತದೆಯಾ ಅಂತ ಕಾದೆವು, ಏರಲಿಲ್ಲ ಅಂದರೆ ಲೀಕ್ ಇಲ್ಲ. ಆಮೇಲೆ ಗ್ಯಾಸನ್ನು ತೂಕ ನೋಡಿ ತುಂಬಿಸಿದೆವು.

ಈಗ ಉಡುಪಿವರೆಗೂ ತಂಪು. ಕಾರಿನಡಿಯಲ್ಲಿ ನೀರು ತೊಟ್ಟಿಕ್ಕುತ್ತದೆ, ಅದು ರೋಗ ಅಲ್ಲ. ನಮ್ಮೂರ ಸೆಕೆಯ ಗಾಳಿಯಲ್ಲಿ ನೀರಾವಿ ಜಾಸ್ತಿ, ಏಸಿಯ ದುಡಿಮೆಯ ದೊಡ್ಡ ಪಾಲು ಅದನ್ನು ಹನಿ ಮಾಡುವುದರಲ್ಲೇ ಹೋಗುತ್ತದೆ. ಮಂಗಳೂರಿನ ಪಂಪ್‌ವೆಲ್ ಟ್ರಾಫಿಕ್‌ನಲ್ಲಿ ನಿಂತರೆ ಮಾತ್ರ ಇನ್ನೂ ಸ್ವಲ್ಪ ಬಿಸಿ, ಹೊರಟ ಕೂಡಲೇ ಸರಿ. ಇದು ಕಂಡೆನ್ಸರ್‌ಗೆ ಗಾಳಿ ಸಾಲದ ಲಕ್ಷಣ. ಉಪ್ಪುಗಾಳಿಗೆ ಅದರ ರೆಕ್ಕೆಗಳು ಬೆರಳು ತಾಗಿದರೆ ಉದುರುವಷ್ಟು ಪುಡಿಯಾಗಿವೆ. ಮಳೆಗಾಲ ಕಳೆಯಲಿ, ಅದಕ್ಕೂ ಕೈ ಹಾಕುತ್ತೇನೆ.